ಸರಿ ಮಾಡಲು ಬಂದವಳು

ಮೊನ್ನೆ ನನ್ನ ಮಗಳು ರಾಮನಗರದ ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುವುದಕ್ಕೂ ಮೊದಲೇ ಬಾಗಿಲಲ್ಲಿ ನಿಂತು ಹೇಳಿದಳು: "ಅಮ್ಮ, ಇವತ್ತು ನಮ್ ಕಾಲೇಜಿಗೆ ಭಾಷಣಕ್ಕೆ ಯಾರು ಬಂದಿದ್ರು ಗೊತ್ತಾ? ಮೇಡಮ್ಮು."

ನಮ್ಮ ಮನೆಯಲ್ಲಿ, ನಮ್ಮ ಬೀದಿಯಲ್ಲಿ, ಮೇಡಮ್ಮು ಎಂದರೆ ಒಬ್ಬಳೇ. ನಾನು ಸೌತೆಕಾಯಿ ಹೆಚ್ಚುತ್ತಿದ್ದೆ. ಕೈ ನಿಂತಿತು.

"ಏನು ಭಾಷಣ?"

"ವ್ಯಾಪಾರದಲ್ಲಿ ನೀತಿ ಅಂತ. ತಾನು ಹೆಂಗೆ ತಪ್ಪು ಮಾಡ್ದೆ, ಹೆಂಗೆ ಎದ್ದು ನಿಂತೆ ಅಂತ. ಚೆನ್ನಾಗೇ ಮಾತಾಡಿದ್ರು. ಕೊನೇಲಿ ಅಜ್ಜಿ ವಿಷ್ಯ ಹೇಳಿದ್ರಮ್ಮ. ಮಗು ಎತ್ಕೊಂಡು ಆ ಅಜ್ಜಿ ಹತ್ರ ಹೋದೆ, ಅವರು ತಲೆ ಮೇಲೆ ಕೈಯಿಟ್ಟು ಕ್ಷಮಿಸಿಬಿಟ್ರು, ಅಲ್ಲಿಂದ ನನ್ನ ಎರಡನೇ ಜೀವನ ಶುರುವಾಯ್ತು ಅಂದ್ರು. ಪಕ್ಕದಲ್ಲಿ ಕೂತಿದ್ದವಳು ಅತ್ತೇಬಿಟ್ಟಳು. ಎಲ್ಲಾ ಎದ್ದು ನಿಂತು ಚಪ್ಪಾಳೆ ಹೊಡೆದ್ರು."

"ನೀನು?"

"ನಾನೂ ಎದ್ದು ನಿಂತೆ. ಎಲ್ಲಾ ನಿಂತಾಗ ನಾನೊಬ್ಬಳು ಕೂರೋಕಾಗುತ್ತಾ?"

ಆ ಅಜ್ಜಿ ನನ್ನ ಅತ್ತೆ. ಅವರು ಆಕೆಯನ್ನು ಕ್ಷಮಿಸಿಲ್ಲ. ಆ ದಿನ ನಾನು ಅಲ್ಲೇ ಇದ್ದೆ. ಏನು ಮಾತಾಯಿತು, ಕೈ ಯಾರ ತಲೆಯ ಮೇಲೆ ಹೋಯಿತು, ಎಲ್ಲ ನೋಡಿದ್ದೇನೆ. ಅದನ್ನು ಹೇಳುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ. ಆಕೆಯ ಹೆಸರು ಮಾತ್ರ ಬರೆಯುವುದಿಲ್ಲ. ಹೆಸರು ಕೆಟ್ಟರೆ ಹೇಗಿರುತ್ತದೆ ಎಂಬುದು ನಮ್ಮ ಮನೆಗೆ ಗೊತ್ತು.

ಕನಕಪುರದಲ್ಲಿ ನಮ್ಮ ಬೀದಿಗೆ ಬಂದು ಸರಿಯಜ್ಜಿ ಮನೆ ಎಲ್ಲಿ ಎಂದರೆ ಯಾರಾದರೂ ತೋರಿಸುತ್ತಾರೆ. ಮೊದಲು ತೋರಿಸುತ್ತಿದ್ದರು, ನಡುವೆ ಎರಡು ವರ್ಷ ತೋರಿಸಲಿಲ್ಲ, ಈಗ ಮತ್ತೆ ತೋರಿಸುತ್ತಾರೆ. ಕೂಸುಗಳಿಗೆ ಆರು ತಿಂಗಳು ತುಂಬಿದಾಗ ಮೊದಲು ಕೊಡುವ ರಾಗಿ ಸರಿಯ ಹಿಟ್ಟು ಮಾಡುವುದರಲ್ಲಿ ಅತ್ತೆಯ ಕೈ ದೊಡ್ಡ ಕೈ. ಸುತ್ತಿನ ನಾಲ್ಕು ಬೀದಿಗಳಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಅವರೇ ಮಾಡಿಕೊಟ್ಟಿದ್ದರು. ರಾಗಿಯನ್ನು ಮೂರು ನೀರಲ್ಲಿ ತೊಳೆದು, ಕಲ್ಲು ಜಾಲಿಸಿ, ನೆನೆಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿಸಿ, ತೆಳು ಬಟ್ಟೆಯಲ್ಲಿ ಸೋಸಬೇಕು. ಐದು ದಿನದ ಕೆಲಸ. ಅಷ್ಟೂ ದಿನ ಅತ್ತೆ ಆ ಮೊಳಕೆಯ ಗಂಟನ್ನು ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳುತ್ತಿದ್ದರು. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ರಾಗಿ ಅವರದು, ಕೈ ಇವರದು.

ಆಕೆ ನಮ್ಮ ಎದುರುಮನೆಯ ಮಹಡಿಗೆ ಬಾಡಿಗೆಗೆ ಬಂದವಳು. ತಾಯಿಯ ಕಡೆ ಮಾಗಡಿಯವರಂತೆ. ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಬಿಟ್ಟು ತಾನೇ ಏನಾದರೂ ಶುರು ಮಾಡಬೇಕೆಂದು ಬಂದಿದ್ದಳು. ಒಂದು ಮಧ್ಯಾಹ್ನ ಅತ್ತೆ ಜಗಲಿಯ ಮೇಲೆ ಮೊಳಕೆ ಹರಡುತ್ತಿದ್ದಾಗ ಬಂದು, ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕೂತು, ಕೇಳಿದ್ದನ್ನೆಲ್ಲ ಹೆಬ್ಬೆಟ್ಟಿನಿಂದ ಫೋನಿನಲ್ಲಿ ಬರೆದುಕೊಂಡಳು. ಎಷ್ಟು ಹೊತ್ತು ನೆನೆಸಬೇಕು, ಮೊಳಕೆ ಎಷ್ಟುದ್ದ ಬರಬೇಕು, ಹುರಿದದ್ದು ಸಾಕು ಅಂತ ಹೆಂಗೆ ಗೊತ್ತಾಗುತ್ತೆ.

"ಮೂಗ್ಗೆ ಗೊತ್ತಾಯ್ತದೆ ಕಣವ್ವ, ಫೋನ್ಗಲ್ಲ" ಎಂದರು ಅತ್ತೆ.

ಅದನ್ನೂ ಬರೆದುಕೊಂಡಳು.

"ಅಜ್ಜಿ, ನಾನೊಂದು ಸ್ಟಾರ್ಟಪ್ ಮಾಡ್ತಿದ್ದೀನಿ. ನಿಮ್ಮ ಸರಿ ಎಲ್ಲಾ ತಾಯಂದಿರಿಗೂ ಸಿಗಬೇಕು."

"ಸ್ಟಾಟಪ್ಪನಾ? ಯಾವನವ್ವ ಅವನು, ನಿನ್ ಗಂಡನಾ?"

ನಗು ತಡೆಯಲಾಗದೆ ನಾನು ಒಳಗೆ ಓಡಿದೆ. ಆಕೆಯೂ ನಕ್ಕಳು. ಬಾಯಿ ತುಂಬ, ಕಣ್ಣಲ್ಲಿ ನೀರು ಬರುವ ಹಾಗೆ. ಆ ನಗು ನನಗೆ ಇಷ್ಟವಾಗಿತ್ತು. ಅಷ್ಟು ಕಹಿಯಾದ ಮೇಲೂ ಇದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ಅಂದಿನಿಂದ ಎದುರುಮನೆಯ ಜಯಮ್ಮ ಆಕೆಯ ಗಂಡನನ್ನು ಕಂಡಾಗಲೆಲ್ಲ ನನಗೆ ಕಣ್ಣು ಹೊಡೆದು, "ನೋಡೇ, ಸ್ಟಾಟಪ್ಪ ಬಂದ" ಎನ್ನುತ್ತಿದ್ದಳು.

ಮಾತಿನ ಕೊನೆಗೆ "ಸರಿ ಅಲ್ವಾ ಅಕ್ಕ?" ಎನ್ನುವುದು ಆಕೆಯ ಅಭ್ಯಾಸ. ಕೇಳುವುದಕ್ಕೆ ಪ್ರಶ್ನೆಯಂತಿದ್ದರೂ ಉತ್ತರಕ್ಕೆ ಕಾಯುತ್ತಿರಲಿಲ್ಲ. ನಾವು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಕೆಲಸಕ್ಕೆ ಹೊರಟಿರುತ್ತಿದ್ದಳು. ಚೀಲದ ಮೇಲೆ ಅಜ್ಜಿ ಫೋಟೋ ಹಾಕ್ತೀನಿ, ಸರಿ ಅಲ್ವಾ? ಬೀದಿಯ ಹೆಂಗಸರೆಲ್ಲ ಸೇರಿ ಮಾಡೋಣ, ಸರಿ ಅಲ್ವಾ? ಹೀಗೇ ಒಂದು ವರ್ಷದಲ್ಲಿ ನಾವು ಹನ್ನೆರಡು ಹೆಂಗಸರು ಮನೆಮನೆಯಲ್ಲಿ ರಾಗಿ ಮೊಳಕೆ ಕಟ್ಟುತ್ತಿದ್ದೆವು. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು ಹಿಡಿದಳು. ಹಿಟ್ಟೆಲ್ಲ ಅಲ್ಲಿಗೆ ಹೋಗಿ ಚೀಲ ಸೇರುತ್ತಿತ್ತು. ವಾರಕ್ಕೆ ಮೂರು ದಿನ ನಾನೂ ಜಯಮ್ಮನೂ ಬಸ್ಸಿನಲ್ಲಿ ಹೋಗಿ ತುಂಬಿ ಬರುತ್ತಿದ್ದೆವು. ಚೀಲದ ಮೇಲೆ ಅತ್ತೆಯ ಮುಖ, ಹಣೆಯಲ್ಲಿ ಕಾಸಗಲ ಕುಂಕುಮ. ಕೆಳಗೆ ದಪ್ಪಕ್ಷರದಲ್ಲಿ: ಅಜ್ಜಿಯ ಕೈಯಿಂದ, ರಾಗಿ ಮಾತ್ರ.

ಮೊದಲ ಚೀಲವನ್ನು ಕಬ್ಬಾಳಮ್ಮನ ಪಾದದ ಹತ್ತಿರ ಇಡಬೇಕು ಎಂದವರು ಅತ್ತೆ. ಎಲ್ಲರೂ ಕಬ್ಬಾಳಿಗೆ ಹೋದೆವು. "ಅಮ್ಮನ ಮುಂದೆ ಒಂದು ಮಾತು ಹೇಳ್ಬುಡವ್ವ" ಎಂದು ಅತ್ತೆ ಆಕೆಯನ್ನು ಮುಂದೆ ತಳ್ಳಿದರು. ಆಕೆ ಕೈಮುಗಿದು, ನಮಗೆಲ್ಲ ಕೇಳುವ ಹಾಗೆ ಹೇಳಿದಳು: "ಅಮ್ಮಾ, ಇದರೊಳಗೆ ರಾಗಿ ಬಿಟ್ಟು ಬೇರೇನೂ ಹಾಕಲ್ಲ." ನಾಟಕವಾಡಿದಳೆಂದು ನಾನು ಹೇಳಲಾರೆ. ಆ ಗಳಿಗೆಯಲ್ಲಿ ಆ ಮಾತು ನಿಜವೇ ಇದ್ದೀತು.

ನಮ್ಮ ಕೂಲಿಯನ್ನು ಒಂದು ದಿನ ತಡಮಾಡಿದವಳಲ್ಲ. ಅತ್ತೆಯ ಕಣ್ಣಿಗೆ ಪೊರೆ ಬಂದಾಗ ತನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಆಪರೇಷನ್ ಮುಗಿಯುವ ತನಕ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಜಯಮ್ಮನ ಮಗಳ ಹೆರಿಗೆಗೆ ಓಡಾಡಿದಳು. ಇವೆಲ್ಲ ಲೆಕ್ಕಕ್ಕಿಲ್ಲವೇ ಎಂದು ನನ್ನ ಗಂಡ ಈಗಲೂ ಕೇಳುತ್ತಾರೆ. ಇವೆ. ಅದಕ್ಕೇ ಹೊಟ್ಟೆ ಉರಿಯುವುದು. ಮೊದಲಿನಿಂದ ಕೆಟ್ಟವಳಾಗಿದ್ದರೆ ಬಯ್ದು ಮರೆತುಬಿಡಬಹುದಿತ್ತು.

ಒಂದು ಮಳೆಗಾಲ. ಶೆಡ್ಡಿನಲ್ಲಿ ಒಂದು ಚೀಲ ಹರಿದಿತ್ತು. ಬಿಸಾಡುವುದೇಕೆ ಎಂದು ಮನೆಗೆ ತಂದೆ. ನನ್ನ ತಂಗಿ ಅವಳ ಕೂಸಿನೊಂದಿಗೆ ಬಂದಿದ್ದಳು. ಒಲೆಯ ಮೇಲಿಟ್ಟು ಕೈಯಾಡಿಸುತ್ತಿದ್ದೇನೆ, ಹಿಟ್ಟು ಬಿಗಿಯುತ್ತಿದೆ. ಸರಿ ಮಾಡಿದ ಯಾವ ಹೆಂಗಸಿಗಾದರೂ ಇದು ಗೊತ್ತು. ಮೊಳಕೆ ಬರಿಸಿದ ಹಿಟ್ಟು ಬೆಂಕಿಯ ಮೇಲೆ ಸಡಿಲವಾಗುತ್ತದೆ, ಚಮಚದಿಂದ ಜಾರುತ್ತದೆ. ಮೊಳಕೆ ಕಾಣದ ಹಿಟ್ಟು ಮುದ್ದೆಗೆ ತಿರುವಿದ ಹಾಗೆ ಗಟ್ಟಿಯಾಗುತ್ತದೆ. ಒಂದು ಬೆರಳು ನಾಲಿಗೆಗೆ ಇಟ್ಟುಕೊಂಡೆ. ಬೆಲ್ಲವಲ್ಲದ ಸಿಹಿ. ಹಾಲಿನ ಪುಡಿಯ ವಾಸನೆ.

ತಂಗಿಯ ಕೂಸಿಗೆ ಅದನ್ನು ತಿನ್ನಿಸಲಿಲ್ಲ. ಮೋರಿಗೆ ಚೆಲ್ಲಿದೆ. ಮಾರನೆಯ ದಿನ ಶೆಡ್ಡಿನಲ್ಲಿ ಆಕೆಯನ್ನು ಒಂದು ಪಕ್ಕಕ್ಕೆ ಕರೆದು ಕೇಳಿದೆ.

ಆಕೆ ಮುಚ್ಚಿಡಲಿಲ್ಲ. "ಅಕ್ಕ, ಆರ್ಡರ್ ಮೂರರಷ್ಟಾಗಿದೆ. ಮೋಡ ಹಿಡ್ಕೊಂಡು ಮೊಳಕೆ ಒಣಗ್ತಾನೇ ಇಲ್ಲ. ಎರಡು ತಿಂಗಳ ಮಟ್ಟಿಗೆ ಹೊರಗಿಂದ ಹಿಟ್ಟು ತರಿಸಿ ತುಂಬ್ತಿದ್ದೀನಿ. ಅದೂ ತಿನ್ನೋ ಹಿಟ್ಟೇ ತಾನೆ, ವಿಷ ಅಲ್ವಲ್ಲ. ಬಿಸಿಲು ಬಂದ ತಕ್ಷಣ ಎಲ್ಲಾ ಸರಿ ಮಾಡ್ತೀನಿ. ಸರಿ ಅಲ್ವಾ ಅಕ್ಕ?"

ಅವತ್ತೊಂದು ದಿನ ಆಕೆ ಉತ್ತರಕ್ಕೆ ಕಾದಳು. ನನ್ನ ಮುಖ ನೋಡುತ್ತಾ ನಿಂತಳು.

ನಾನು "ಸರಿ" ಎಂದೆ.

ದೇವರ ಮುಂದೆ ದೀಪ ಹಚ್ಚುವಾಗ ಇದನ್ನು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಕಾಗದದ ಮೇಲೆ ಬರೆಯುತ್ತಿರುವುದು ಇದೇ ಮೊದಲು. ತಂಗಿಯ ಕೂಸಿಗೆ ಬೇಡವೆಂದು ಚೆಲ್ಲಿದ್ದನ್ನು ಬೇರೆಯವರ ಕೂಸುಗಳಿಗೆಂದು ಕೂತು ತುಂಬಿದೆ. ಅತ್ತೆಗೆ ಹೇಳಲಿಲ್ಲ. ಅವರು ತಮ್ಮ ಪಾಡಿಗೆ ಮೊದಲಿನ ಹಾಗೇ ಐದು ದಿನದ ಕೆಲಸ ಮಾಡಿ ಡಬ್ಬಿ ತುಂಬಿ ಕಳಿಸುತ್ತಿದ್ದರು. ಅದೂ ಅದೇ ಚೀಲಗಳಿಗೆ ಹೋಗುತ್ತಿತ್ತು.

ಬೆಂಗಳೂರಿನ ಒಂದು ಕೂಸಿಗೆ ಹಾಲು ಒಗ್ಗುತ್ತಿರಲಿಲ್ಲವಂತೆ. ಹಾಲಿನ ಅಂಶ ಇರುವುದೇನನ್ನೂ ಕೊಡಬಾರದೆಂದು ಡಾಕ್ಟರು ಹೇಳಿದ್ದರಂತೆ. ಅದಕ್ಕೇ ಆ ತಾಯಿ 'ರಾಗಿ ಮಾತ್ರ' ಎಂದು ಬರೆದಿದ್ದ ನಮ್ಮ ಚೀಲವನ್ನು ಹುಡುಕಿ ತರಿಸಿಕೊಂಡಿದ್ದಳು. ನಾಲ್ಕು ಚಮಚ ತಿಂದ ಕೂಸಿನ ತುಟಿ, ಕಣ್ಣು, ಮೈಯೆಲ್ಲ ಊದಿಕೊಂಡಿತು. ಎರಡು ದಿನ ಆಸ್ಪತ್ರೆ. ಕೂಸು ಉಳಿಯಿತು. ಇವತ್ತಿಗೂ ನಾನು ಬೆಳಗ್ಗೆ ಕೈಮುಗಿಯುವಾಗ ಮೊದಲು ನೆನೆಯುವುದು ಇದನ್ನು. ಆ ಕೂಸು ಉಳಿಯಿತು, ತಾಯೀ, ಇನ್ನು ನಾನು ಏನೂ ಕೇಳಲಾರೆ.

ಆ ತಾಯಿ ಅಳುತ್ತಾ ಒಂದು ವಿಡಿಯೋ ಮಾಡಿದಳು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಅತ್ತೆಯ ಮುಖದ ಚೀಲ. ಎರಡೇ ದಿನದಲ್ಲಿ ನಮ್ಮ ಬೀದಿಯ ಎಲ್ಲ ಫೋನುಗಳಿಗೂ ಬಂತು. ಕೆಳಗೆ ಜನ ಬರೆದದ್ದನ್ನು ನಾನಿಲ್ಲಿ ಬರೆಯಲಾರೆ. ಎಲ್ಲ ಬೈಗುಳವೂ ಆ ಮುಖಕ್ಕೆ. ಅತ್ತೆಗೆ ಓದು ಬರದು, ಕಿವಿಯೂ ಮಂದ. ಅದೊಂದು ಪುಣ್ಯ. ಆದರೆ ಆಕೆಯೇ ಮುಂದೆ ನಿಂತು ಆಪರೇಷನ್ ಮಾಡಿಸಿದ ಕಣ್ಣು ಚೆನ್ನಾಗಿ ಕಾಣುತ್ತಿತ್ತು. ಮೊಮ್ಮಗಳ ಫೋನಿನಲ್ಲಿ ಊದಿದ ಕೂಸನ್ನೂ ಪಕ್ಕದಲ್ಲಿ ತಮ್ಮ ಮುಖವನ್ನೂ ನೋಡಿದರು.

"ನನ್ ಸರಿ ತಿಂದು ಹಿಂಗಾಯ್ತಾ ಈ ಕೂಸ್ಗೆ?"

"ಇಲ್ಲ ಅತ್ತೆ, ಅದು ನಿಮ್ಮ ಹಿಟ್ಟಲ್ಲ, ಹೊರಗಿಂದ ತರಿಸಿದ್ದು" ಎಂದು ಕಿವಿಯ ಹತ್ತಿರ ಕೂಗಿ ಹೇಳಿದೆ. ನಂಬಲಿಲ್ಲ.

"ನನ್ ಸಮಾಧಾನಕ್ಕೆ ಹೇಳ್ತೀಯ ಬುಡು. ಆ ಹುಡ್ಗಿ ಬಂದು ಹೇಳ್ಲಿ. ಅವ್ಳಿಗೆ ಗೊತ್ತಿರ್ತದೆ."

ಆಕೆ ಬರಲಿಲ್ಲ. ಶೆಡ್ಡಿಗೆ ಬೀಗ ಬಿತ್ತು, ಮಹಡಿ ಖಾಲಿಯಾಯಿತು. ಕಂಪನಿ ಮುಚ್ಚುತ್ತಿದ್ದೇವೆ, ಹೊಣೆ ನನ್ನದು ಎಂದು ಇಂಗ್ಲಿಷಿನಲ್ಲಿ ಏನೋ ಬರೆದು ಹಾಕಿದ್ದಳಂತೆ. ಮಗಳು ಓದಿ ಹೇಳಿದಳು. ಅದರಲ್ಲಿ ಅತ್ತೆಯ ಸುದ್ದಿ ಇರಲಿಲ್ಲ. ನಾನು ಫೋನು ಮಾಡಿದೆ.

"ಒಂದೇ ಒಂದು ಸಲ ಬಂದು ಅತ್ತೆಗೆ ಹೇಳಿ ಹೋಗು. ಬೇರೇನೂ ಬೇಡ."

"ಅಕ್ಕ, ಯಾರ ಹತ್ರಾನೂ ಏನೂ ಹೇಳ್ಬೇಡಿ ಅಂತ ಲಾಯರು ಹೇಳಿದ್ದಾರೆ. ಸ್ವಲ್ಪ ತಣ್ಣಗಾಗ್ಲಿ. ನಾನೇ ಬರ್ತೀನಿ. ಸರಿ ಅಲ್ವಾ?"

ಆ ಸಲ ನಾನು ಸರಿ ಎನ್ನಲಿಲ್ಲ. ಎನ್ನದಿದ್ದರೂ ಏನೂ ಬದಲಾಗಲಿಲ್ಲ.

ಅತ್ತೆ ಕಬ್ಬಾಳಿಗೆ ಹೋಗಿ, ಇನ್ನು ಕೂಸಿನ ಬಾಯಿಗೆ ಹೋಗುವ ಯಾವುದನ್ನೂ ಮುಟ್ಟುವುದಿಲ್ಲ ಎಂದು ಹರಕೆ ಹೊತ್ತು ಬಂದರು. ಮನೆಗೆ ಯಾರಾದರೂ ಕೂಸು ತಂದರೆ ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ದೂರದಿಂದ ತಲೆಯಾಡಿಸುತ್ತಿದ್ದರು. ಬರುವವರೂ ಕಡಿಮೆಯಾದರು. ಜಯಮ್ಮ ಮೊಮ್ಮಗಳಿಗೆಂದು ಮೆಡಿಕಲ್ ಶಾಪಿನಿಂದ ಡಬ್ಬಿ ತಂದಳು. ನಮ್ಮ ಬಾಗಿಲು ದಾಟುವಾಗ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನನ್ನ ಜೊತೆ ಕೂತು ಆ ಹಿಟ್ಟು ತುಂಬಿದವಳೇ ಅವಳೂ. ಸರಿಯಜ್ಜಿ ಎಂಬ ಹೆಸರು ಯಾರ ಬಾಯಲ್ಲೂ ಬರದಾಯಿತು. ಹೀಗೆ ಎರಡು ವರ್ಷ.

ಕಳೆದ ಕಾರ್ತಿಕದಲ್ಲಿ ಆಕೆ ಬಂದಳು. ಕಾರಲ್ಲ, ಆಟೋ. ಸಣ್ಣಗಾಗಿದ್ದಳು. ಕಂಕುಳಲ್ಲಿ ಆರು ತಿಂಗಳ ಹೆಣ್ಣು ಕೂಸು. ಎಷ್ಟು ಸಲ ಬಾಗಿಲಿಂದಲೇ ಕಳಿಸಬೇಕೆಂದು ಅಂದುಕೊಂಡಿದ್ದೆನೋ. ಕೂಸಿನ ಮುಖ ನೋಡಿ ಮಣೆ ಹಾಕಿದೆ.

ಕೆಲಸ ಹೇಗೆ ಎಂದು ಕೇಳಿದೆ. ಸುಮಾರು ದಿನ ಯಾರೂ ಕೆಲಸ ಕೊಡಲಿಲ್ಲವಂತೆ. ಹೆಸರು ಕೇಳಿದವರು ಫೋನು ಇಟ್ಟುಬಿಡುತ್ತಿದ್ದರಂತೆ. ಈಗ ಹೊಸದಾಗಿ ಕಂಪನಿ ಮಾಡುವವರಿಗೆ ಸಲಹೆ ಹೇಳುತ್ತೇನೆ, ತಪ್ಪುಗಳ ಬಗ್ಗೆ ಅಲ್ಲಲ್ಲಿ ಮಾತಾಡುತ್ತೇನೆ, ನಿಧಾನಕ್ಕೆ ಮತ್ತೆ ಶುರುವಾಗುತ್ತಿದೆ ಎಂದಳು. ಆಮೇಲೆ ತಲೆ ತಗ್ಗಿಸಿ, "ಅಕ್ಕ, ಇವಳಿಗೆ ಡಬ್ಬಿದೇನೂ ಆಗ್ತಿಲ್ಲ. ನಾನೇ ಎರಡು ಸಲ ಮೊಳಕೆ ಕಟ್ಟಿದೆ, ಹುಳಿ ವಾಸನೆ ಬಂತು. ಅಜ್ಜಿ ಕೈಲಿ ಒಂದು ಸೇರು ಸರಿ ಮಾಡಿಸ್ಕೊಡ್ತೀರಾ?" ಎಂದಳು.

ಹೆಬ್ಬೆಟ್ಟಿನಲ್ಲಿ ಅಷ್ಟೆಲ್ಲ ಬರೆದುಕೊಂಡವಳು!

ಅತ್ತೆ ಒಳಗಿನಿಂದ ಗೋಡೆ ಹಿಡಿದು ಬಂದರು. ಗುರುತು ಹಿಡಿದರು. ಬೇಡಿಕೆ ಏನೆಂದು ನಾನು ಕೂಗಿ ಹೇಳಿದ ತಕ್ಷಣ ಕೈ ಸೆರಗಿನೊಳಗೆ ಹೋಯಿತು.

"ಬ್ಯಾಡ ಕಣವ್ವ. ನನ್ ಕೈ ಸರಿಯಿಲ್ಲ. ಚಿನ್ನದಂಗೈತೆ ನಿನ್ ಕೂಸು. ಬೇರೆ ಯಾರ್ ಕೈಲಾದ್ರೂ ಮಾಡಿಸ್ಕೋ."

ಆಕೆ ನನ್ನ ಮುಖ ನೋಡಿದಳು. "ನೀನೇ ಹೇಳು" ಎಂದೆ.

"ಅಜ್ಜಿ..." ಎಂದು ಮೆಲ್ಲಗೆ ಶುರು ಮಾಡಿದಳು. "ಅದು ನಿಮ್ಮ ಹಿಟ್ಟಾಗಿರಲಿಲ್ಲ."

"ಆಂ?"

"ಅದು ನಿಮ್ಮ ಹಿಟ್ಟಲ್ಲ ಅಜ್ಜಿ."

"ಒಸಿ ಜೋರಾಗ್ ಹೇಳವ್ವ, ಕಿವಿ ಕೇಳಾಕಿಲ್ಲ."

ಆಕೆ ಬೀದಿ ಬಾಗಿಲ ಕಡೆ ನೋಡಿದಳು. ಬಾಗಿಲು ತೆರೆದೇ ಇತ್ತು. ಎದುರು ಜಗಲಿಯಲ್ಲಿ ಜಯಮ್ಮ ಸೊಪ್ಪು ಬಿಡಿಸುತ್ತಿದ್ದಳು. ಬಾಗಿಲು ಹಾಕಲಿ ಎಂದು ಆಕೆ ಕಾಯುತ್ತಿದ್ದಾಳೆಂದು ನನಗೆ ಗೊತ್ತಾಯಿತು. ನಾನು ಏಳಲಿಲ್ಲ.

ಆಕೆ ಕೂಗಿದಳು. "ಅದು ನಿಮ್ಮ ಹಿಟ್ಟಲ್ಲ ಅಜ್ಜಿ! ಹೊರಗಿಂದ ತರಿಸಿದ ಹಿಟ್ಟು! ನಾನೇ ಹಾಕ್ಸಿದ್ದು! ನಿಮ್ಮ ಕೈಯಿಂದ ಏನೂ ಆಗಿಲ್ಲ!"

ಕೂಸು ಬೆಚ್ಚಿ ಅಳತೊಡಗಿತು. ಜಯಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು. ಅತ್ತೆ ಒಂದು ಹೆಜ್ಜೆ ಹತ್ತಿರ ಬಂದರು. ಆಮೇಲೆ ಕೇಳಿದರು:

"ನಿಂಗೆ ಆವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು ಅಜ್ಜಿ."

"ಹಂಗಾದ್ರೆ ಆವಾಗ್ಲೇ ಬಂದು ಯಾಕ್ ಹೇಳ್ನಿಲ್ಲ?"

ಬಯ್ಯುವ ದನಿಯಲ್ಲ ಅದು. ದಾರಿ ಕೇಳುವವರ ದನಿ. ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಬೇಕೆಂದು ಕೇಳಿದರು, ಕತ್ತು ಮುಂದೆ ಚಾಚಿ ಕಾದರು. ಆಕೆ ಲಾಯರು ಎನ್ನಬಹುದಿತ್ತು, ಹೆದರಿಕೆ ಎನ್ನಬಹುದಿತ್ತು. ಏನೂ ಎನ್ನಲಿಲ್ಲ. ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. ಅತ್ತೆ ಸೆರಗಿನಿಂದ ಕೈ ತೆಗೆದು, ಅಳುತ್ತಿದ್ದ ಕೂಸಿನ ತಲೆಯ ಮೇಲೆ ಇಟ್ಟರು. ಕೂಸಿನ ತಲೆಯ ಮೇಲೆ. ಆಕೆಯ ತಲೆ ಅಲ್ಲೇ ಒಂದು ಗೇಣು ಕೆಳಗಿತ್ತು. ಕೈ ಅಲ್ಲಿಗೆ ಇಳಿಯಲಿಲ್ಲ.

"ಒಂದ್ ಸೇರು ರಾಗಿ ನೆನೆಹಾಕಮ್ಮಿ" ಎಂದರು ನನಗೆ. ಅಷ್ಟೇ.

ಆ ಸಂಜೆ, ಆಕೆ ಹೋದ ಮೇಲೆ, ರಾಗಿ ಜಾಲಿಸುತ್ತಿದ್ದ ನನ್ನ ಪಕ್ಕದಲ್ಲಿ ಕೂತು ಅತ್ತೆ ಕೇಳಿದರು: "ನೀನೂ ಅಲ್ಲೇ ಕೂತು ತುಂಬ್ತಿದ್ಯಲ್ಲ. ನಿಂಗೂ ಮೊದ್ಲೇ ಗೊತ್ತಿತ್ತಾ?"

ಸುಳ್ಳು ಹೇಳಲಾಗಲಿಲ್ಲ. ತಲೆಯಾಡಿಸಿದೆ. ಅವರು ಮತ್ತೆ ಯಾಕೆ ಎಂದು ಕೇಳಲಿಲ್ಲ. ಕಬ್ಬಾಳಮ್ಮನಿಗೆ ತಪ್ಪುಗಾಣಿಕೆ ಎತ್ತಿಡಲು ಮಾತ್ರ ಹೇಳಿದರು. ಯಾರ ತಪ್ಪಿಗೆ ಎಂದು ಹೇಳಲಿಲ್ಲ.

ಐದನೆಯ ದಿನ ಆಕೆ ಬಂದು ಹಿಟ್ಟು ತೆಗೆದುಕೊಂಡು ಹೋದಳು. ಮುಂದಿನ ವಾರ ಜಯಮ್ಮ ಒಂದು ಸೇರು ರಾಗಿ ತಂದು ಹೊಸಿಲ ಮೇಲಿಟ್ಟು, "ಎರಡನೇ ಮೊಮ್ಮಗೀಗೆ ಕಣಜ್ಜಿ, ಕ್ವಾಪ ಮಾಡ್ಕೋಬ್ಯಾಡ" ಎಂದು ಮುಖ ನೋಡದೆ ಓಡಿಹೋದಳು. ಈಗ ಜಗಲಿಯ ಮೇಲೆ ಮತ್ತೆ ಬಿಳಿ ಬಟ್ಟೆ ಹಾಸಿರುತ್ತದೆ. ಎಂಬತ್ತು ದಾಟಿದ ಮೇಲೆ ಕಳೆದುಹೋದ ಎರಡು ವರ್ಷ ವಾಪಸು ಬರುವುದಿಲ್ಲ. ಇಷ್ಟಾದರೂ ಬಂತಲ್ಲ ಎಂದು ಕೈಮುಗಿಯುತ್ತೇನೆ.

ಆಕೆಗೂ ಇದರಿಂದ ಒಳ್ಳೆಯದೇ ಆಗಿದೆ. ಭಾಷಣಕ್ಕೆ ಒಳ್ಳೆಯ ಕೊನೆ ಸಿಕ್ಕಿತು. ಆಕೆ ಕೆಲಸ ಮಾಡಿ ಬದುಕಲಿ, ಆ ಹೆಣ್ಣು ಕೂಸು ಚೆನ್ನಾಗಿರಲಿ, ನನಗೆ ಬೇಡವೇ? ಆದರೆ ನಮ್ಮ ಅತ್ತೆ ಆಡದ ಮಾತನ್ನು ಅವರ ಬಾಯಿಗೆ ಹಾಕುವುದು, ರಾಗಿ ಮಾತ್ರ ಎಂದು ಬರೆದು ಬೇರೆ ಹಿಟ್ಟು ತುಂಬಿದ್ದಕ್ಕಿಂತ ಹೇಗೆ ಬೇರೆ ಎಂದು ನನಗೆ ತಿಳಿಯುವುದಿಲ್ಲ. ಈ ಸಲವೂ ಹೊರಗೆ ಅತ್ತೆಯದೇ ಮುಖ.

ಮೊನ್ನೆ ಮಗಳು ಭಾಷಣದ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದವಳು, ನಾನು ಬೇಡವೆನ್ನುವಷ್ಟರಲ್ಲಿ ಜಗಲಿಗೆ ಹೋಗಿ ಅತ್ತೆಯ ಕಿವಿಯಲ್ಲಿ ಕೂಗಿದಳು: "ಅಜ್ಜೀ, ನೀನು ಮೇಡಮ್ಮುನ್ನ ಕ್ಷಮಿಸಿಬಿಟ್ಟಿದ್ದೀಯಂತೆ!"

"ನಾನೇನ್ ಮಾಡಿವ್ನಂತೆ?"

"ಕ್ಷಮ್ಸಿದ್ದೀಯಂತೆ! ಆ ವಿಷ್ಯ ಬಿಟ್ಟಾಕಿದ್ದೀಯಂತೆ!"

ಅತ್ತೆ ರಾಗಿಯ ಮೊರವನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. ಒಂದು ಕಲ್ಲು ಹೆಕ್ಕಿ ಬೀದಿಗೆ ಎಸೆದರು.

"ಅದೆಂಗ್ ಬುಟ್ಟಾಕಾಯ್ತದೆ ಮಗ? ನಾನ್ ಕೇಳಿದ್ದಕ್ಕೆ ಇನ್ನೂ ಯಾರೂ ಉತ್ರಾನೇ ಹೇಳ್ನಿಲ್ವಲ್ಲ."

ಹಾಗೆಂದು ಕತ್ತು ತಿರುಗಿಸಿ ಬಾಗಿಲ ಮೂಲಕ ಅಡುಗೆಮನೆಯ ಕಡೆ ನೋಡಿದರು. ನಾನು ತಲೆ ಬಗ್ಗಿಸಿ ಸೌತೆಕಾಯಿ ಹೆಚ್ಚತೊಡಗಿದೆ.